ಹಳೆ ಭಜನಾ ಮೇಳದ ಕ್ಯಾಸೆಟ್ಟುಗಳಿಗೆ ಸ್ವಂತ ಸ್ಟ್ರೀಮಿಂಗ್ ಸೇವೆ: ಟ್ರಂಕಿನಿಂದ ಮೊಬೈಲಿನವರೆಗೆ

"ನಮ್ಮ ಮ್ಯಾಳದ ಪದ ಎಲ್ಲಾ ಹಾಕಿ ಒಂದು ಆ್ಯಪ್ ಮಾಡಸಬೇಕ್ರೀ, ಎಷ್ಟಾಗ್ತದ?" ಎಂದು ಕೇಳಿಕೊಂಡು ಬರುವವರಿಗೆ ನಾನು ತಿರುಗಿ ಕೇಳುವುದು ಎರಡೇ ಪ್ರಶ್ನೆ. ಕ್ಯಾಸೆಟ್ಟುಗಳು ಯಾರ ಮನೆಯಲ್ಲಿವೆ? ಹಕ್ಕಿನ ಕಾಗದ ಯಾರ ಹೆಸರಲ್ಲಿದೆ? ಎರಡಕ್ಕೂ ಉತ್ತರವಿಲ್ಲದಿದ್ದರೆ ಆ್ಯಪಿನ ಮಾತು ಈಗಲೇ ಬೇಡ. ಆ್ಯಪ್ ಈ ಕೆಲಸದ ಕೊನೆಯ ಹಂತ, ಅದೇ ಸುಲಭದ ಹಂತವೂ ಹೌದು.

ಜೇವರ್ಗಿ, ಅಫಜಲಪುರ, ಶಹಾಪುರ, ಸುರಪುರ, ಹುಮನಾಬಾದ್ ಕಡೆಯ ಎಷ್ಟೋ ಊರುಗಳಲ್ಲಿ ತತ್ವಪದ ಹಾಡುವ ಹಳೆಯ ಮೇಳಗಳಿವೆ. ಕಡಕೋಳ ಮಡಿವಾಳಪ್ಪ, ಖೈನೂರ ಕೃಷ್ಣಪ್ಪ, ಚೆನ್ನೂರ ಜಲಾಲಸಾಬ, ಶಿಶುನಾಳ ಶರೀಫ ಇವರ ಪದಗಳನ್ನು ಏಕತಾರಿ, ಪೇಟಿ (ಹಾರ್ಮೋನಿಯಂ), ದಮ್ಮಡಿ, ತಾಳದೊಂದಿಗೆ ಬೆಳತನಕ ಹಾಡಿದ ರಾತ್ರಿಗಳು ಕ್ಯಾಸೆಟ್ಟಿನಲ್ಲಿ ಕೂತಿವೆ. ಈ ಬರಹ ಅಂಥ ಒಂದು ಮೇಳದ ಹಾಡುಗಳಿಗಷ್ಟೇ ಮೀಸಲಾದ ಸೇವೆಯೊಂದನ್ನು ಕಟ್ಟುವುದು ಹೇಗೆ ಎಂಬುದರ ಬಗ್ಗೆ.

ಮೊದಲು: ನಿಜಕ್ಕೂ ಬೇಕೇ?

ಹತ್ತಿಪ್ಪತ್ತು ಹಾಡುಗಳಷ್ಟೇ ಇದ್ದರೆ ಯೂಟ್ಯೂಬ್ ಚಾನೆಲ್ ಸಾಕು. ಬೀಟಲ್ಸ್‌ನಂಥ ತಂಡವೇ 2015ರ ಡಿಸೆಂಬರ್ 24ರಂದು ಎಲ್ಲರೂ ಬಳಸುವ ಸ್ಟ್ರೀಮಿಂಗ್ ಸೇವೆಗಳಿಗೆ ಬಂತು. ಹುಡುಕಿಕೊಂಡು ಬರುವ ಜನ ಇರುವವರಿಗೆ ಅದು ಸರಿ. ಅದಕ್ಕೆ ಎದುರು ದಾರಿ ಹಿಡಿದವರು ಗಾಯಕ ನೀಲ್ ಯಂಗ್. 2017ರ ಕೊನೆಗೆ ತಮ್ಮ ಹಾಡುಗಳಿಗಷ್ಟೇ ಒಂದು ತಾಣ ತೆರೆದರು. ನೋಡಲು ಹಳೆ ಕಚೇರಿಯ ಫೈಲ್ ಕಪಾಟಿನಂತಿದೆ. ಹಾಡಿಗೊಂದು ಕಾರ್ಡು, ಕಾರ್ಡಿನಲ್ಲಿ ಯಾವಾಗ ಹಾಡಿದ್ದು, ಯಾರು ಏನು ನುಡಿಸಿದ್ದು ಎಂಬ ವಿವರ. ಮೊದಲು ಪುಕ್ಕಟೆ ಇತ್ತು, ಆಮೇಲೆ ಚಂದಾ ಬಂತು. ನಾವು ನೋಡಿ ಕಲಿಯಬೇಕಾದ ಮಾದರಿ ಇದು.

ಏಕೆಂದರೆ ಭಜನೆಯ ರಾತ್ರಿಗೊಂದು ಕ್ರಮವಿದೆ. ಗುರುಸ್ತುತಿಯಿಂದ ಶುರುವಾಗಿ, ನಡುರಾತ್ರಿ ಸವಾಲ್-ಜವಾಬಿಗೆ ಏರಿ, ಬೆಳಗಿನ ಮಂಗಳದಲ್ಲಿ ಇಳಿಯುತ್ತದೆ. ಯೂಟ್ಯೂಬ್ ಒಂದು ಪದ ಮುಗಿದ ಕೂಡಲೇ ಇನ್ನೆಲ್ಲಿಗೋ ಎಳೆದೊಯ್ಯುತ್ತದೆ. ಇಡೀ ರಾತ್ರಿಯನ್ನು ಇದ್ದ ಹಾಗೆ ಕೇಳಿಸುವ ಆಸೆ ಇದ್ದರೆ ಮಾತ್ರ ಸ್ವಂತ ಸೇವೆಗೆ ಕೈಹಾಕಿ.

ಕಾಗದ

ಜನ ಹಾರಿಸಿಬಿಡುವ ಭಾಗ ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಒಂದು ಹಾಡಿನಲ್ಲಿ ನಾಲ್ಕು ಬೇರೆ ಬೇರೆ ಹಕ್ಕು ಅಡಗಿರುತ್ತವೆ: ಸಾಹಿತ್ಯ, ಧಾಟಿ, ಹಾಡಿಕೆ, ಧ್ವನಿಮುದ್ರಣ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಾಹಿತ್ಯ ಮತ್ತು ಸಂಗೀತಕ್ಕೆ ರಚಿಸಿದವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ರಕ್ಷಣೆ. ಧ್ವನಿಮುದ್ರಣಕ್ಕೆ ಪ್ರಕಟವಾದ ಮರುವರ್ಷದಿಂದ 60 ವರ್ಷ. ಹಾಡಿದವರ, ನುಡಿಸಿದವರ ಹಕ್ಕಿಗೆ 50 ವರ್ಷ.

ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಪದದ ಸಾಹಿತ್ಯ ಎಲ್ಲರದು. ವಚನಗಳಂತೂ 12ನೇ ಶತಮಾನದವು. ಆದರೆ ಅದೇ ವಚನಕ್ಕೆ ನಮ್ಮ ಕಾಲದ ಸಂಗೀತಗಾರರೊಬ್ಬರು ರಾಗ ಕೂಡಿಸಿದ್ದರೆ ಆ ರಾಗಸಂಯೋಜನೆ ಅವರದು. 1985ರಲ್ಲಿ ಮಾರುಕಟ್ಟೆಗೆ ಬಂದ ಕ್ಯಾಸೆಟ್ಟಿನ ಧ್ವನಿಮುದ್ರಣಕ್ಕೆ 2045ರ ಕೊನೆಯವರೆಗೆ ಹಕ್ಕುದಾರರಿದ್ದಾರೆ. "ಹಳೇದು, ಯಾರು ಕೇಳ್ತಾರ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಧ್ವನಿಮುದ್ರಣ ಯಾರದು? ಯಾರು ಮುಂದೆ ನಿಂತು, ಜವಾಬ್ದಾರಿ ಹೊತ್ತು ಮಾಡಿಸಿದರೋ ಅವರನ್ನು ಕಾಯ್ದೆ ನಿರ್ಮಾಪಕ ಎನ್ನುತ್ತದೆ. ಊರಿನ ಯಾರೋ ತಮ್ಮ ಟೇಪ್‌ರೆಕಾರ್ಡರ್ ಇಟ್ಟು ಮಾಡಿಕೊಂಡದ್ದಾದರೆ ಅವರನ್ನೇ ಕೇಳಬೇಕು. ಕ್ಯಾಸೆಟ್ ಕಂಪನಿ ಮಾಡಿಸಿದ್ದರೆ ಕಂಪನಿಯನ್ನು ಕೇಳಬೇಕು, ಅದು ಮುಚ್ಚಿದ್ದರೆ ಹಕ್ಕು ಯಾರಿಗೆ ಮಾರಾಟವಾಯಿತು ಎಂದು ಹುಡುಕಬೇಕು. ರೇಡಿಯೊದಿಂದ ಇಳಿಸಿಕೊಂಡದ್ದನ್ನು ಪ್ರತ್ಯೇಕ ಡಬ್ಬಿಗೆ ಹಾಕಿಬಿಡಿ. ಅದು ಆಕಾಶವಾಣಿಯ ಸ್ವತ್ತು, ಕಲಬುರಗಿ ಕೇಂದ್ರಕ್ಕೆ ಲಿಖಿತವಾಗಿ ಅರ್ಜಿ ಕೊಟ್ಟು ಒಪ್ಪಿಗೆ ಪಡೆಯದೆ ಮುಟ್ಟಬೇಡಿ.

ನಮ್ಮ ಕಡೆಯ ಮೇಳಗಳಿಗೇ ವಿಶೇಷವಾದ ತೊಡಕು ಇನ್ನೊಂದಿದೆ: ಸಿನಿಮಾ ಧಾಟಿ. ಎಂಬತ್ತು, ತೊಂಬತ್ತರ ದಶಕದ ಭಜನೆಗಳಲ್ಲಿ ಮೂರು ಪದಕ್ಕೊಂದು ಹಿಂದಿ ಚಿತ್ರಗೀತೆಯ ಧಾಟಿ ನುಸುಳಿರುತ್ತದೆ, ಪಡ್ಡೆ ಹುಡುಗರು ಎದ್ದು ಹೋಗದಿರಲಿ ಎಂದು. ಸಾಹಿತ್ಯ ಶಿವನದಾದರೂ ಧಾಟಿ ಮುಂಬೈಯ ಕಂಪನಿಯದು. ಅಂಥವನ್ನು ಬದಿಗಿಡಿ, ಪರವಾನಗಿ ಸಿಕ್ಕರೆ ನೋಡೋಣ. ಸಂಗೀತಗಾರರು ಐಪಿಆರ್‌ಎಸ್ ಎಂಬ ಗೀತಕಾರರ, ಸಂಗೀತಗಾರರ ಹಕ್ಕಿನ ಸಂಘದ ಸದಸ್ಯರಾಗಿದ್ದರೆ ಅಲ್ಲಿಂದಲೂ ಪರವಾನಗಿ ಬೇಕಾಗುತ್ತದೆ. ರೇಡಿಯೊ, ಟಿವಿಗೆ ಇರುವ, ಹಕ್ಕುದಾರರ ಒಪ್ಪಿಗೆಗೆ ಕಾಯದೆ ಕಾಯ್ದೆಯೇ ಕೊಡುವ 31ಡಿ ಕಲಮಿನ ಶಾಸನಬದ್ಧ ಪರವಾನಗಿ ನಮಗೂ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಇಂಟರ್ನೆಟ್ ಸ್ಟ್ರೀಮಿಂಗಿಗೆ ಅನ್ವಯಿಸುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2019ರಲ್ಲಿ ಟಿಪ್ಸ್ ಎಂಬ ಸಂಗೀತ ಕಂಪನಿ ಮತ್ತು ವಿಂಕ್ ಎಂಬ ಹಾಡಿನ ಆ್ಯಪಿನ ನಡುವಿನ ಪ್ರಕರಣದಲ್ಲಿ ಹೇಳಿದೆ.

ಒಪ್ಪಂದ ಬಾಯಿಮಾತಿನಲ್ಲಿ ಬೇಡ, ಛಾಪಾ ಕಾಗದದ ಮೇಲಿರಲಿ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದು ತಿಳಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ತಿಳಿಯುತ್ತದೆ. ದುಬೈ, ಸೌದಿಯಲ್ಲಿ ದುಡಿಯುವ ನಮ್ಮ ಮಂದಿಯೂ ಕೇಳಬೇಕಲ್ಲ, ಆದ್ದರಿಂದ "ಇಡೀ ಜಗತ್ತು" ಎಂದು ಸ್ಪಷ್ಟವಾಗಿ ಬರೆಸಿ. ನನ್ನ ಸಲಹೆ ಏನೆಂದರೆ ಹಕ್ಕನ್ನೇ ಬರೆಸಿಕೊಳ್ಳಬೇಡಿ, ಹತ್ತು ವರ್ಷದ ಪರವಾನಗಿ ಸಾಕು. ಮೇಳದಲ್ಲಿ ಮುಂದೆ ಕೂತು ಹಾಡಿದವರು ತೀರಿಕೊಂಡಿದ್ದರೆ ಅವರ ಎಲ್ಲ ವಾರಸುದಾರರ ಸಹಿ ಬೇಕು. ಹಿರಿಮಗನೊಬ್ಬನ ಸಹಿ ತಂದು ಕೆಲಸ ಮುಗಿಯಿತು ಎಂದುಕೊಳ್ಳುವುದು ಬೇಡ, ಕೊಟ್ಟ ಮನೆಯಲ್ಲಿರುವ ಹೆಣ್ಣುಮಕ್ಕಳೂ ವಾರಸುದಾರರೇ. ಡಗ್ಗಾ ಬಾರಿಸಿದವರನ್ನೂ ದಮ್ಮಡಿ ಹಿಡಿದವರನ್ನೂ ಬಿಡಬೇಡಿ. ಅವರ ಹೆಸರು ಹಾಕುವುದು ದೊಡ್ಡಸ್ತಿಕೆಯ ಮಾತಲ್ಲ, ಕಲಾವಿದರ ಹಕ್ಕು.

ಟ್ರಂಕು ತೆಗೆದಾಗ

ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ತಗಡಿನ ಮನೆಯೊಳಗಿನ ಕಬ್ಬಿಣದ ಟ್ರಂಕಿನಲ್ಲಿ ಇನ್ನೂ ಹೆಚ್ಚು. ಕ್ಯಾಸೆಟ್ಟು ಸಿಕ್ಕ ಖುಷಿಯಲ್ಲಿ ಅಲ್ಲೇ ಹಾಕಿ ಕೇಳಬೇಡಿ. ಮೊದಲ ಕೆಲಸ, ಮೇಲಂಚಿನ ಎರಡೂ ಚಿಕ್ಕ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿಯುವುದು. ಅವು ಹೋದರೆ ಅಪ್ಪಿತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಾಡು ಅಳಿಸಿಹೋಗುವುದಿಲ್ಲ. ಎರಡನೆಯದು, ಪ್ರತಿ ಕ್ಯಾಸೆಟ್ಟಿಗೂ ಒಂದು ಸಂಖ್ಯೆ ಅಂಟಿಸಿ ಎರಡೂ ಬದಿಯ ಫೋಟೊ ತೆಗೆಯುವುದು.

ಟೇಪಿನ ಬಾಯಿಯ ಕಡೆ ನಡುವೆ ನೋಡಿದರೆ ತಗಡಿನ ಪಟ್ಟಿಯ ಮೇಲೆ ಅಕ್ಕಿಕಾಳಿನಗಲದ ಉಣ್ಣೆಯ ಚೂರು ಕಾಣುತ್ತದೆ. ಅದು ಟೇಪನ್ನು ಯಂತ್ರದ ಹೆಡ್ಡಿಗೆ, ಅಂದರೆ ಟೇಪು ಓದುವ ಭಾಗಕ್ಕೆ, ಒತ್ತಿ ಹಿಡಿಯುವ ಪ್ಯಾಡು. ಹಳೆ ಕ್ಯಾಸೆಟ್ಟಿನಲ್ಲಿ ಇದರ ಅಂಟು ಒಣಗಿ ಪ್ಯಾಡು ಉದುರಿರುತ್ತದೆ, ಆಗ ದನಿ ಬಾವಿಯೊಳಗಿಂದ ಬಂದ ಹಾಗೆ ಮಂದವಾಗಿ ಕೇಳುತ್ತದೆ. "ಟೇಪು ಹಾಳಾಗ್ಯಾದ" ಎಂದು ಎಸೆಯುವುದು ಇಂಥವನ್ನೇ. ಬೇಡದ ಇನ್ನೊಂದು ಕ್ಯಾಸೆಟ್ಟು ಬಿಚ್ಚಿ, ಟೇಪಿನ ಎರಡೂ ಸುರುಳಿಗಳನ್ನು ಅದರ ಡಬ್ಬಿಗೆ ಕೂಡಿಸಿದರೆ ಸರಿಹೋಗುತ್ತದೆ. ಸ್ಕ್ರೂ ಇರುವ ಕ್ಯಾಸೆಟ್ಟು ಬಿಚ್ಚುವುದು ಸುಲಭ, ಅಂಟಿಸಿದ ಡಬ್ಬಿಯಾದರೆ ಅಂಚಿನಗುಂಟ ಬ್ಲೇಡು ಹಾಕಿ ಮೆಲ್ಲಗೆ ಸೀಳಬೇಕು. ಟೇಪು ತುಂಡಾಗಿದ್ದರೆ ಸೆಲೋಟೇಪ್ ಹಚ್ಚಬೇಡಿ, ಅದರ ಗೋಂದು ಕರಗಿ ಹೆಡ್ಡಿಗೆ ಮೆತ್ತುತ್ತದೆ. ಅದಕ್ಕೆಂದೇ ಸ್ಪ್ಲೈಸಿಂಗ್ ಟೇಪ್ ಸಿಗುತ್ತದೆ.

ನುಡಿಸಲು ಅಗ್ಗದ ಯುಎಸ್‌ಬಿ ಕ್ಯಾಸೆಟ್ ಕನ್ವರ್ಟರ್ ಕೊಳ್ಳಬೇಡಿ. ಅದರ ಮೋಟಾರು ತೂಗಾಡುತ್ತದೆ, ಪೇಟಿಯ ಸ್ವರ ಅಲೆಯುತ್ತದೆ. ಹಳೆಯ ಒಳ್ಳೆ ಕ್ಯಾಸೆಟ್ ಡೆಕ್ ಒಂದನ್ನು ಹುಡುಕಿ, ಬೆಲ್ಟು ಬದಲಿಸಿ, ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ. ಡೆಕ್ಕಿನ ಲೈನ್ ಔಟ್‌ನಿಂದ, ದನಿಯನ್ನು ಡಿಜಿಟಲ್ ಮಾಡುವ ಒಂದು ಆಡಿಯೊ ಇಂಟರ್‌ಫೇಸ್ ಮೂಲಕ ಕಂಪ್ಯೂಟರಿಗೆ. ತಂತ್ರಾಂಶಕ್ಕೆ ಪುಕ್ಕಟೆ ಸಿಗುವ ಅಡಾಸಿಟಿ ಸಾಕು. ಟೇಪಿನ ಸದ್ದು ತಗ್ಗಿಸುವ ಡಾಲ್ಬಿ ಸ್ವಿಚ್ ಆಫ್ ಮಾಡಿಡಿ, ಊರಿನ ಟೇಪ್‌ರೆಕಾರ್ಡರುಗಳಲ್ಲಿ ಅದು ಇರುತ್ತಿರಲಿಲ್ಲ.

ಹೆಡ್ಡಿನ ಪಕ್ಕ ಒಂದು ಸಣ್ಣ ಸ್ಕ್ರೂ ಇರುತ್ತದೆ, ಹೆಡ್ಡಿನ ಓರೆ ತಿದ್ದುವುದಕ್ಕೆ. ಪ್ರತಿ ಟೇಪೂ ಬೇರೆ ಬೇರೆ ಯಂತ್ರದಲ್ಲಿ ಆದದ್ದರಿಂದ ಪ್ರತಿ ಸಲವೂ ಇದನ್ನು ಹೊಂದಿಸಬೇಕು. ಎರಡೂ ಚಾನೆಲ್ ಕೂಡಿಸಿ ಮೊನೊದಲ್ಲಿ ಕೇಳುತ್ತಾ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿ. ತಾಳದ ಝಣತ್ಕಾರ ಯಾವ ಕ್ಷಣದಲ್ಲಿ ಹರಿತವಾಗಿ ಬಿಡಿಬಿಡಿಯಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ.

ಇನ್ನು ವೇಗ. ಜಾತ್ರೆಯಲ್ಲಿ ಶೆಲ್ಲು ಹಾಕಿ ರೆಕಾರ್ಡ್ ಮಾಡಿದ್ದರೆ ರಾತ್ರಿ ಕಳೆದಂತೆ ಶೆಲ್ಲು ಇಳಿದು ಟೇಪು ನಿಧಾನವಾಗಿ ಓಡಿರುತ್ತದೆ. ಈಗ ಸರಿಯಾದ ವೇಗದಲ್ಲಿ ನುಡಿಸಿದರೆ ಬೆಳಗಿನ ಜಾವದ ಪದಗಳು ಏರುದನಿಯಲ್ಲಿ, ಗಡಿಬಿಡಿಯಲ್ಲಿ ಹಾಡಿದಂತೆ ಕೇಳುತ್ತವೆ. ಇದನ್ನು ಹಿಡಿಯಲು ಪೇಟಿಗಿಂತ ಒಳ್ಳೆ ಅಳತೆಗೋಲಿಲ್ಲ, ಅದರ ಶ್ರುತಿ ಜಗ್ಗುವುದಿಲ್ಲ. ಪೇಟಿ ನುಡಿಸಿದವರು ಇದ್ದರೆ ಹೋಗಿ ಕೇಳಿ.

"ಮುತ್ಯಾ, ನೀವು ಯಾವ ಮನಿಗೆ ಹಾಡ್ತಿದ್ರಿ?"

"ಕರಿ ಎರಡಕ್ಕಪಾ, ಮತ್ಯಾವುದು."

ಕರಿ ಎರಡು ಎಂದರೆ ಪೇಟಿಯ ಎರಡನೆಯ ಕರಿ ಮನೆ, ಶ್ರುತಿ ಅಳೆಯುವ ಟ್ಯೂನರಿನಲ್ಲಿ ಷಡ್ಜ ಡಿ ಶಾರ್ಪ್ ತೋರಿಸಬೇಕು. ಇ ತೋರಿಸಿದರೆ ಒಂದು ಮನೆ ಏರಿದೆ, ವೇಗದಲ್ಲಿ ಸುಮಾರು ಶೇ. 6ರ ವ್ಯತ್ಯಾಸ. ಟೇಪಿನ ಮೊದಲಲ್ಲೂ ಕೊನೆಯಲ್ಲೂ ಅಳೆದು, ಅಡಾಸಿಟಿಯ ವೇಗ ಬದಲಿಸುವ ಸೌಲಭ್ಯದಲ್ಲಿ ತುಂಡು ತುಂಡಾಗಿ ತಿದ್ದಿ. ಪಿಚ್ ಮಾತ್ರ ಬದಲಿಸುವ ಸೌಲಭ್ಯ ಬಳಸಬೇಡಿ, ವೇಗ ಮತ್ತು ಶ್ರುತಿ ಕೂಡಿಯೇ ಇಳಿಯಬೇಕು.

ಮೂಲ ಪ್ರತಿ 24 ಬಿಟ್, 96 ಕಿಲೋಹರ್ಟ್ಸ್ ವೇವ್ ಕಡತವಾಗಿರಲಿ. 60 ನಿಮಿಷದ ಕ್ಯಾಸೆಟ್ಟಿಗೆ ಸುಮಾರು 2 ಜಿಬಿ ಆಗುತ್ತದೆ, 200 ಕ್ಯಾಸೆಟ್ಟಿಗೆ 415 ಜಿಬಿ. ಮೂರು ಪ್ರತಿ ಮಾಡಿ ಒಂದನ್ನು ಬೇರೆ ಊರಿನಲ್ಲಿಡಿ. ಈ ಮೂಲ ಪ್ರತಿಯನ್ನು ಎಂದೂ ತಿದ್ದಬೇಡಿ, ತಿದ್ದುಪಡಿಯೆಲ್ಲ ನಕಲಿನ ಮೇಲೆ. ಸದ್ದು ತೆಗೆಯುವ ಫಿಲ್ಟರಿನ ಹುಚ್ಚು ಹಿಡಿಸಿಕೊಳ್ಳಬೇಡಿ. ಹಿಸ್ ಎಂಬ ಸದ್ದನ್ನು ಪೂರ್ತಿ ತೆಗೆದರೆ ದಮ್ಮಡಿಯ ಗೆಜ್ಜೆಯೂ ಅದರ ಜೊತೆ ಹೋಗುತ್ತದೆ. ನಡುವೆ ಯಾರೋ ಕೆಮ್ಮಿದ್ದು, "ಮತ್ತೊಮ್ಮೆ ಅನ್ರಿ" ಎಂದು ಕೂಗಿದ್ದು ಇರಲಿ ಬಿಡಿ.

ಪಟ್ಟಿ

ಒಂದು ಎಕ್ಸೆಲ್ ಹಾಳೆ ಸಾಕು, ಆದರೆ ಅಂಕಣಗಳನ್ನು ಮೊದಲೇ ಯೋಚಿಸಿ: ಪದದ ಮೊದಲ ಸಾಲು, ಕೊನೆಯ ನುಡಿಯ ಅಂಕಿತ, ರಚಿಸಿದವರು, ಮುಂದೆ ಹಾಡಿದವರು, ಹಿಂದೆ ಹಾಡಿದವರು, ಪೇಟಿ, ತಬಲಾ, ಊರು, ಸಂದರ್ಭ, ಕ್ಯಾಸೆಟ್ ಸಂಖ್ಯೆ, ಬದಿ, ಹಕ್ಕಿನ ಸ್ಥಿತಿ. ಹಕ್ಕಿನ ಅಂಕಣಕ್ಕೆ ಹಸಿರು, ಹಳದಿ, ಕೆಂಪು ಬಣ್ಣ ಕೊಡಿ. ಹಸಿರಿದ್ದದ್ದು ಮಾತ್ರ ಹೊರಗೆ ಹೋಗಬೇಕು.

ಊರಿನ ಅಂಕಣಕ್ಕೆ ಎರಡು ಖಾನೆ ಬೇಕು. ಕ್ಯಾಸೆಟ್ಟಿನ ಮೇಲೆ "ತಾ. ಶಹಾಪುರ, ಜಿ. ಗುಲಬರ್ಗಾ" ಎಂದು ಬರೆದಿರುತ್ತದೆ. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಗೆ, ಗುಲಬರ್ಗಾ ಕಲಬುರಗಿಯಾದದ್ದು 2014ರ ನವೆಂಬರ್ 1ಕ್ಕೆ. ಆಮೇಲೆ ಯಡ್ರಾಮಿ, ಕಾಳಗಿ, ಹುಣಸಗಿ, ವಡಗೇರಾ, ಚಿಟಗುಪ್ಪಾ ಎಂದು ಹೊಸ ತಾಲ್ಲೂಕುಗಳು ಬಂದವು. ಬರೆದದ್ದನ್ನು ಬರೆದ ಹಾಗೇ ಒಂದು ಖಾನೆಯಲ್ಲಿ, ಈಗಿನ ವಿಳಾಸ ಇನ್ನೊಂದರಲ್ಲಿ.

ಅಂಕಿತದಿಂದ ರಚನೆಕಾರರನ್ನು ಗುರುತಿಸುವುದು ಸರಿಯಾದ ದಾರಿಯೇ, ಶಿಶುನಾಳಾಧೀಶ ಎಂದು ಬಂದರೆ ಶರೀಫರದು ಎನ್ನಬಹುದು. ಆದರೆ ಹಾಡುವವರು ಒಬ್ಬರ ನುಡಿಗೆ ಇನ್ನೊಬ್ಬರ ಅಂಕಿತ ಸೇರಿಸಿರುವುದೂ ಉಂಟು. ಮುದ್ರಿತ ಸಂಪುಟಗಳ ಜೊತೆ ತಾಳೆ ನೋಡಿ. ಈ ಕೆಲಸವನ್ನು ಮೇಳದ ಹಿರಿಯರನ್ನು ಪಕ್ಕದಲ್ಲಿ ಕೂಡಿಸಿಕೊಂಡೇ ಮಾಡಿ, ಅದೂ ಬೇಗ. ಟೇಪು ಇನ್ನೂ ಕೆಲ ವರ್ಷ ತಡೆದೀತು.

ಸರ್ವರು ಮತ್ತು ಆ್ಯಪು

ಕೇಳುವವರು ಯಾರು? ಪುಣೆಯಲ್ಲಿ ಕಟ್ಟಡ ಕೆಲಸಕ್ಕಿರುವವರು, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದವರು, ರಾತ್ರಿ ತೊಗರಿ ಹೊಲ ಕಾಯುವವರು. ಕೈಯಲ್ಲಿ ಸಾಧಾರಣ ಆಂಡ್ರಾಯ್ಡ್, ದಿನಕ್ಕಿಷ್ಟು ಎಂಬ ಡೇಟಾ. ಹಳೆ ಕ್ಯಾಸೆಟ್ಟಿನ ಮೊನೊ ದನಿಗೆ 64 ಕೆಬಿಪಿಎಸ್‌ನ ಎಎಸಿ ಎಂಬ ಕುಗ್ಗಿಸಿದ ಕಡತ ಧಾರಾಳವಾಯಿತು. ಗಂಟೆಗೆ ಸುಮಾರು 29 ಎಂಬಿ, ಎಂಟು ತಾಸಿನ ಇಡೀ ಭಜನೆಗೆ 230 ಎಂಬಿ. 200 ಗಂಟೆಯ ಸಂಗ್ರಹ ಪೂರ್ತಿ 6 ಜಿಬಿಯೊಳಗೆ ಕೂರುತ್ತದೆ.

ಮೊದಲು ಮೇಳದವರ ಮನೆಮಟ್ಟಿಗೆ ಪರೀಕ್ಷೆ ಮಾಡಲು ನಮ್ಮದೇ ಕಂಪ್ಯೂಟರಿನಿಂದ ಹಾಡು ಕೇಳಿಸುವ ನ್ಯಾವಿಡ್ರೋಮ್ ಎಂಬ ಪುಕ್ಕಟೆ ತಂತ್ರಾಂಶ ಚೆನ್ನಾಗಿದೆ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೂ ಓಡುತ್ತದೆ. ಪಟ್ಟಿಯಲ್ಲಿನ ತಪ್ಪುಗಳು ಇಲ್ಲೇ ಬಯಲಾಗುತ್ತವೆ. ಸಾರ್ವಜನಿಕರಿಗೆ ಬಿಡುವಾಗ ಮಾತ್ರ ಬೇರೆ ದಾರಿ: ಹಾಡುಗಳನ್ನು ಕ್ಲೌಡ್‌ಫ್ಲೇರ್ ಆರ್2 ತರಹದ ಇಂಟರ್ನೆಟ್ ಸಂಗ್ರಹದಲ್ಲಿಡಿ. ಅಲ್ಲಿ ಹೊರಹೋಗುವ ಡೇಟಾಗೆ ಶುಲ್ಕವಿಲ್ಲ, ತಿಂಗಳಿಗೆ 10 ಜಿಬಿವರೆಗೆ ಇಡುವುದೂ ಪುಕ್ಕಟೆ. ದಿನಕ್ಕೆ ಸಾವಿರ ಜನ ಒಂದೊಂದು ತಾಸು ಕೇಳಿದರೂ ತಿಂಗಳಿಗೆ 864 ಜಿಬಿ ಹೊರಹೋಗುತ್ತದೆ, ಆದ್ದರಿಂದ ಈ ಶುಲ್ಕ ಇಲ್ಲದಿರುವುದೇ ದೊಡ್ಡ ಉಳಿತಾಯ. ಹಾಡನ್ನು ಆರಾರು ಸೆಕೆಂಡಿನ ಚೂರು ಮಾಡಿ ಕಳಿಸುವ ಎಚ್‌ಎಲ್‌ಎಸ್ ಬೇಕೇಬೇಕು ಎಂದು ಡೆವಲಪರ್ ಹೇಳಬಹುದು. ವಿಡಿಯೊಗೆ ಸರಿ, ಐದು ನಿಮಿಷದ ಪದಕ್ಕೆ ಒಂದೇ ಕಡತ ಸಾಕು.

ಆ್ಯಪಿನ ಬದಲು ಮೊಬೈಲಿನಲ್ಲಿ ಆ್ಯಪಿನಂತೆಯೇ ಕೂರುವ ವೆಬ್‌ಸೈಟ್ ಮಾಡಿಸಿ. ಪರದೆ ಆರಿದ ಮೇಲೂ ಹಾಡು ನಿಲ್ಲಬಾರದು, ಲಾಕ್ ಪರದೆಯಲ್ಲಿ ಪದದ ಹೆಸರು ಕನ್ನಡದಲ್ಲೇ ಬರಬೇಕು, ವೈಫೈ ಸಿಕ್ಕಾಗ ಇಳಿಸಿಕೊಳ್ಳುವಂತಿರಬೇಕು. "ಇಡೀ ರಾತ್ರಿ" ಎಂಬ ದೊಡ್ಡ ಗುಂಡಿ ಮುಖಪುಟದಲ್ಲೇ ಇರಲಿ. ಷಫಲ್ ಗುಂಡಿ ಇಡಲೇಬೇಡಿ, ಮಂಗಳವಾದ ಮೇಲೆ ಗುರುಸ್ತುತಿ ಬಂದರೆ ಹಿರಿಯರು ಮೊಬೈಲು ಕೆಳಗಿಡುತ್ತಾರೆ. ಹುಡುಕಾಟದಲ್ಲಿ ತತ್ವಪದ, ತತ್ತ್ವಪದ ಎರಡೂ ಕಾಗುಣಿತ ಸಿಗಬೇಕು, ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿದವರಿಗೂ ಸಿಗಬೇಕು.

ಪ್ಲೇ ಸ್ಟೋರಿಗೆ ಹೋಗಬೇಕೆನಿಸಿದರೆ ಒಂದೇ ಸಲದ ಶುಲ್ಕ 25 ಡಾಲರ್. ಹೊಸ ವೈಯಕ್ತಿಕ ಖಾತೆಯಾದರೆ ಬಿಡುಗಡೆಗೆ ಮುನ್ನ 12 ಮಂದಿ ಸತತ 14 ದಿನ ಪರೀಕ್ಷಿಸಬೇಕು. ಮೇಳದವರ ಮನೆಯ ಹುಡುಗರಲ್ಲೇ ಅಷ್ಟು ಮಂದಿ ಸಿಕ್ಕಾರು. ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್, ಸದ್ಯಕ್ಕೆ ಬೇಡ.

ದುಡ್ಡು

ಚಂದಾ ಇಡುವುದಾದರೆ ತಿಂಗಳದ್ದು ಬೇಡ, ವರ್ಷದ್ದಿಡಿ. ಸುಗ್ಗಿಯಾದ ಮೇಲೆ ಒಮ್ಮೆ ಕೊಡುವುದು ನಮ್ಮ ಮಂದಿಗೆ ರೂಢಿ. ಯುಪಿಐ ಆಟೊಪೇ ಇದ್ದರೆ 15,000 ರೂಪಾಯಿವರೆಗಿನ, ತಾನಾಗಿಯೇ ಮತ್ತೆ ಮತ್ತೆ ಕಡಿತವಾಗುವ ಪಾವತಿಗೆ ಪ್ರತಿ ಸಲ ಪಿನ್ ಬೇಕಿಲ್ಲ. ಪೇಮೆಂಟ್ ಗೇಟ್‌ವೇ ತೆರೆಯಲು ಮೇಳದ ಹೆಸರಲ್ಲಿ ಟ್ರಸ್ಟ್ ಅಥವಾ ನೋಂದಾಯಿತ ಸಂಘ, ಪ್ಯಾನ್, ಬ್ಯಾಂಕ್ ಖಾತೆ ಬೇಕು. ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ಅಷ್ಟಾದರೆ ಸಂತೋಷವೇ.

ನನಗೆ ಚಂದಾಕ್ಕಿಂತ ದಾಸೋಹದ ದಾರಿ ಹಿಡಿಸುತ್ತದೆ. ಶರಣಬಸವೇಶ್ವರರ ಊರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದು ರಾತ್ರಿಯ ಭಜನೆಯ ಖರ್ಚನ್ನು ಒಂದು ಮನೆತನ ತಂದೆತಾಯಿಯ ಹೆಸರಿನಲ್ಲಿ ಹೊರುತ್ತದೆ, ಆ ಹೆಸರು ಆ ರಾತ್ರಿಯ ಪುಟದಲ್ಲಿ ಇರುತ್ತದೆ, ಕೇಳುವವರಿಗೆ ಎಲ್ಲ ಪುಕ್ಕಟೆ. ಬಂದದ್ದರಲ್ಲಿ ಖರ್ಚು ಕಳೆದು ಉಳಿದದ್ದನ್ನು ಹಾಡಿದವರ, ನುಡಿಸಿದವರ ಮನೆಗಳಿಗೆ ಹೇಗೆ ಹಂಚುವುದು ಎಂಬುದು ಮೊದಲಿನ ಕರಾರಿನಲ್ಲೇ ಇರಬೇಕು. ದುಡ್ಡು ಬಂದ ಮೇಲೆ ಕೂತು ಮಾತಾಡಿದರೆ ಜಗಳ ಖಂಡಿತ.

ಬಿಡುಗಡೆ ಮತ್ತು ಆಮೇಲೆ

ಶ್ರಾವಣದಲ್ಲಿ ಬಿಡುಗಡೆ ಮಾಡಿ, ಊರೂರಲ್ಲಿ ಭಜನೆ ನಡೆಯುವ ತಿಂಗಳದು. ಕ್ಯೂಆರ್ ಚೀಟಿಯನ್ನು ಗುಡಿಯ ಕಂಬಕ್ಕೆ, ಚಹಾದಂಗಡಿಗೆ, ಪುಣೆ-ಮುಂಬೈ ಬಸ್ಸು ಹೊರಡುವ ಕಡೆ ಅಂಟಿಸಿ. ಒಂದೇ ಬಾರಿಗೆ ಎಲ್ಲವನ್ನೂ ಹಾಕಬೇಡಿ, ಪ್ರತಿ ಅಮಾವಾಸ್ಯೆಗೆ ಒಂದು ಹೊಸ ರಾತ್ರಿ ಸಾಕು. ಶಿವರಾತ್ರಿಯ ಜಾಗರಣೆಗೆ ಎಲ್ಲರೂ ಒಟ್ಟಿಗೆ ತೆರೆಯುತ್ತಾರೆ, ಅದಕ್ಕೆ ಒಂದು ವಾರ ಮುಂಚೆ ಸೈಟನ್ನು ಪರೀಕ್ಷಿಸಿಡಿ.

"ಇದು ನಮ್ಮಪ್ಪನ ದನಿ, ನಮ್ಮನ್ನ ಕೇಳಿಲ್ಲ" ಎಂದು ಯಾರಾದರೂ ಫೋನ್ ಮಾಡಿದರೆ ವಾದಕ್ಕಿಳಿಯದೆ ಆ ಪದವನ್ನು ಅದೇ ದಿನ ಕೆಳಗಿಳಿಸಿ, ಆಮೇಲೆ ಕಾಗದ ತೆಗೆದು ನೋಡಿ. ಕೇಳುಗರಿಂದ ಫೋನ್ ನಂಬರಿಗಿಂತ ಹೆಚ್ಚೇನೂ ಕೇಳಬೇಡಿ. ಇಟ್ಟುಕೊಂಡ ಪ್ರತಿ ವಿವರಕ್ಕೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ ನೀವೇ ಹೊಣೆ.

ಡೊಮೇನ್ ಹೆಸರು, ಸರ್ವರ್ ಖಾತೆ, ಪ್ಲೇ ಸ್ಟೋರ್ ಖಾತೆ ಮೂರೂ ಸಂಘದ ಇಮೇಲಿನಲ್ಲಿರಲಿ, ಕೆಲಸ ಮಾಡಿಕೊಟ್ಟ ಹುಡುಗನ ಸ್ವಂತ ಇಮೇಲಿನಲ್ಲಿ ಬೇಡ. ಅವನು ನಾಳೆ ನೌಕರಿಗೆಂದು ಬೆಂಗಳೂರಿಗೆ ಹೋಗುತ್ತಾನೆ, ಡೊಮೇನ್ ನವೀಕರಣದ ಪತ್ರ ಅವನ ಹಳೆ ಇನ್‌ಬಾಕ್ಸಿಗೆ ಬೀಳುತ್ತದೆ. ಪಾಸ್‌ವರ್ಡುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಸಂಘದ ಇಬ್ಬರ ಹತ್ತಿರ ಒಂದೊಂದು ಪ್ರತಿ ಇಡಿ, ಡೊಮೇನನ್ನು ಸಾಧ್ಯವಿದ್ದಷ್ಟು ವರ್ಷಕ್ಕೆ ಒಟ್ಟಿಗೇ ಕಟ್ಟಿಬಿಡಿ.